ಡಿಸೆಂಬರ್ 8ರ ಹಬ್ಬ: ಮರಿಯಮ್ಮನಿಗೆ ಪಾಪದ ಸೋಂಕಿತ್ತೇ ಎಂಬ ವಾದದ ಒಳಹೊರಗು

ಪಣಜಿಗೆ ಹೋದವರೆಲ್ಲ ನಿಂತು ಫೋಟೊ ತೆಗೆಸಿಕೊಳ್ಳುವ ಬಿಳಿ ಇಗರ್ಜಿ, ಅಂದರೆ ಚರ್ಚ್, ಒಂದಿದೆ. ಮುಂದೆ ಅಂಕುಡೊಂಕಾಗಿ ಏರುವ ಮೆಟ್ಟಿಲು, ನೆತ್ತಿಯಲ್ಲಿ ದೊಡ್ಡ ಗಂಟೆ. ಅದರ ಪೂರ್ತಿ ಹೆಸರು ‘ಅಮಲೋದ್ಭವ ಮಾತೆಯ ಇಗರ್ಜಿ’. 1541ರಲ್ಲಿ ಪುಟ್ಟ ಪ್ರಾರ್ಥನಾಲಯವಾಗಿದ್ದ ಇದನ್ನು 1619ರಲ್ಲಿ ಮತ್ತೆ ಕಟ್ಟಿದರು. ಪ್ರತಿವರ್ಷ ಡಿಸೆಂಬರ್ 8ಕ್ಕೆ ಇಲ್ಲಿ ಹಬ್ಬ.

ಅಮಲ ಎಂದರೆ ಕಳಂಕವಿಲ್ಲದ. ಉದ್ಭವ ಎಂದರೆ ಹುಟ್ಟು. ಇಲ್ಲಿ ಗರ್ಭದಲ್ಲಿ ಜೀವ ಮೊಳೆಯುವ ಕ್ಷಣ. ಯಾರ ಹುಟ್ಟು? ಕ್ರೈಸ್ತರೂ ಸೇರಿ ಬಹಳ ಮಂದಿ ಯೇಸುವಿನದೆಂದೇ ತಿಳಿದಿದ್ದಾರೆ. ಅಲ್ಲ, ಇದು ಯೇಸುವಿನ ತಾಯಿ ಮರಿಯಮ್ಮ ತನ್ನ ತಾಯಿಯ ಬಸಿರಲ್ಲಿ ಮೂಡಿದ ಕ್ಷಣದ ಹಬ್ಬ. ಆ ಕ್ಷಣದಲ್ಲಿ ಆಕೆಗೆ ಪಾಪ ಅಂಟಿತ್ತೋ ಇಲ್ಲವೋ ಎಂಬುದೇ ಕ್ರೈಸ್ತ ಸಭೆಗಳ ನಡುವೆ ಇನ್ನೂ ಬಗೆಹರಿಯದ ವಾದ. 2025ರ ನವೆಂಬರ್ 4ರಂದು ವ್ಯಾಟಿಕನ್ನಿನ ಧರ್ಮಸಿದ್ಧಾಂತ ಕಚೇರಿ ಮರಿಯಮ್ಮನನ್ನು ‘ಸಹವಿಮೋಚಕಿ’ (ಯೇಸುವಿನ ಜೊತೆ ಸೇರಿ ಲೋಕವನ್ನು ಪಾಪದಿಂದ ಬಿಡಿಸಿದವಳು) ಎಂದು ಕರೆಯುವುದು ತಕ್ಕದ್ದಲ್ಲ ಎಂದು ಟಿಪ್ಪಣಿ ಹೊರಡಿಸಿತು. ಹಾಗಾದರೆ ಆಕೆ ಪಾಪರಹಿತಳೆಂಬ ಬೋಧನೆಯನ್ನೂ ಕೈಬಿಟ್ಟರೇ ಎಂಬ ಅನುಮಾನ ಏಳುವುದು ಸಹಜ. ಕೈಬಿಟ್ಟಿಲ್ಲ. ಎರಡೂ ಬೇರೆ ಬೇರೆ ಸಂಗತಿ.

ಯಾವುದು ಯಾವುದಲ್ಲ

ಈ ವಾದದಲ್ಲಿ ಮಾತು ಹಳಿ ತಪ್ಪುವುದೇ ನಾಲ್ಕು ಬೇರೆ ವಿಷಯಗಳನ್ನು ಒಂದೇ ಗಂಟಿಗೆ ಕಟ್ಟುವುದರಿಂದ. ಕನ್ಯಾಜನನ ಎಂದರೆ ಮರಿಯಮ್ಮ ಪುರುಷ ಸಂಪರ್ಕವಿಲ್ಲದೆ ಯೇಸುವನ್ನು ಗರ್ಭ ಧರಿಸಿದಳು ಎಂಬ ನಂಬಿಕೆ. ಪೋಪ್‌ರನ್ನು ಒಪ್ಪುವ ಕಥೋಲಿಕರು, ಪೂರ್ವದ ಆರ್ಥೊಡಾಕ್ಸರು, 16ನೇ ಶತಮಾನದಲ್ಲಿ ಪೋಪ್‌ರಿಂದ ಬೇರೆಯಾದ ಪ್ರಾಟೆಸ್ಟೆಂಟರ ಸಾಂಪ್ರದಾಯಿಕ ಸಭೆಗಳು, ಎಲ್ಲರಿಗೂ ಇದು ಒಪ್ಪಿಗೆ. ಮುಸ್ಲಿಮರಿಗೂ ಒಪ್ಪಿಗೆ, ಕುರಾನಿನ 19ನೇ ಅಧ್ಯಾಯದ ಹೆಸರೇ ಮರ್ಯಮ್.

ಅಮಲೋದ್ಭವ ಎಂಬುದು ಒಂದು ತಲೆಮಾರು ಹಿಂದಿನ ಮಾತು. ಮರಿಯಮ್ಮನಿಗೆ ಎಲ್ಲರಂತೆ ತಂದೆ ತಾಯಿ ಇದ್ದರು, ಆಕೆ ಎಲ್ಲರಂತೆಯೇ ಹುಟ್ಟಿದಳು. ಆ ತಂದೆ ತಾಯಿಗೆ ಯೋವಾಕಿಮ್, ಅನ್ನಾ ಎಂಬ ಹೆಸರು ಬಂದದ್ದು ಬೈಬಲಿನಿಂದಲ್ಲ. ಯಾಕೋಬನ ಹೆಸರಿನಲ್ಲಿರುವ, ಬೈಬಲಿಗೆ ಸೇರದ 2ನೇ ಶತಮಾನದ ಕಥನದಿಂದ. ಹುಟ್ಟಿನ ಬಗೆ ಮಾಮೂಲಿ. ಅಂಟಬೇಕಾದ ಪಾಪ ಅಂಟಲಿಲ್ಲ ಎಂಬುದಷ್ಟೇ ಕಥೋಲಿಕರ ಹೇಳಿಕೆ.

ಮೂರನೆಯದು, ಬದುಕಿನುದ್ದಕ್ಕೂ ಆಕೆ ಯಾವ ಪಾಪವನ್ನೂ ಮಾಡಲಿಲ್ಲ ಎಂಬುದು. ನಾಲ್ಕನೆಯದು ನಿತ್ಯಕನ್ಯತ್ವ, ಅಂದರೆ ಯೇಸುವಿನ ನಂತರವೂ ಆಕೆ ಕನ್ಯೆಯಾಗಿಯೇ ಉಳಿದಳು ಎಂಬುದು; ಅದು ಬೇರೆಯೇ ವಾದ, ಇಲ್ಲಿ ಬೇಡ.

ತಾರೀಕಿನ ಲೆಕ್ಕವೂ ಸಹಾಯಕ್ಕೆ ಬರುತ್ತದೆ. ಮಂಗಳೂರು ಕಡೆ ಮಕ್ಕಳು ಒಂಬತ್ತು ದಿನ ಹೂ ಅರ್ಪಿಸಿ ಸೆಪ್ಟೆಂಬರ್ 8ರಂದು ಮೊಂತಿ ಫೆಸ್ತ್, ಅಂದರೆ ತೆನೆಹಬ್ಬ ಆಚರಿಸುತ್ತಾರಲ್ಲ, ಬೆಂಗಳೂರಿನ ಶಿವಾಜಿನಗರದ ಬಸಿಲಿಕಾದಲ್ಲಿ ಜನಸಾಗರ ಸೇರುತ್ತದಲ್ಲ, ಅದು ಮರಿಯಮ್ಮನ ಹುಟ್ಟುಹಬ್ಬ. ಅಲ್ಲಿಂದ ಒಂಬತ್ತು ತಿಂಗಳು ಹಿಂದಕ್ಕೆ ಎಣಿಸಿದರೆ ಡಿಸೆಂಬರ್ 8. ಕ್ರಿಸ್‌ಮಸ್‌ನಿಂದ ಹಾಗೇ ಎಣಿಸಿದರೆ ಮಾರ್ಚ್ 25, ದೇವದೂತ ಮರಿಯಮ್ಮನಿಗೆ ಸುದ್ದಿ ತಂದ ಹಬ್ಬ. ಯೇಸು ಗರ್ಭಕ್ಕೆ ಬಂದದ್ದು ಆ ದಿನಕ್ಕೆ ಸೇರಿದ್ದು.

ಪಹಣಿಯ ಭಾಷೆಯಲ್ಲಿ ಮೂಲಪಾಪ

ಅಪ್ಪ ಜಮೀನಿನ ಮೇಲೆ ಸೊಸೈಟಿ ಸಾಲ ತೆಗೆದಿದ್ದಾನೆ ಎಂದುಕೊಳ್ಳಿ. ಅವನು ತೀರಿಕೊಂಡ ಮೇಲೆ ಪೌತಿ ಖಾತೆಯಾಗಿ ಜಮೀನು ಮಗನ ಹೆಸರಿಗೆ ಬರುತ್ತದೆ. ಸಾಲಪತ್ರಕ್ಕೆ ಮಗ ಸಹಿ ಹಾಕಿಲ್ಲ, ದುಡ್ಡನ್ನು ಕಣ್ಣಲ್ಲಿ ಕಂಡೂ ಇಲ್ಲ. ಆದರೂ ಪಹಣಿಯ ಋಣದ ಕಲಂನಲ್ಲಿ ಸಾಲ ಕೂತಿರುತ್ತದೆ. ಪಶ್ಚಿಮದ ಕ್ರೈಸ್ತರು ಮೂಲಪಾಪ ಅಥವಾ ಜನ್ಮಪಾಪ ಎನ್ನುವುದು ಹೆಚ್ಚುಕಡಿಮೆ ಇಂಥದ್ದನ್ನು. ದೇವರ ಮಾತು ಮೀರಿದ ಮೊದಲ ಮನುಷ್ಯ ಆದಾಮನಿಂದ ಬಂದದ್ದು, ನಾವು ಮಾಡಿದ್ದಲ್ಲ, ಆದರೆ ನಮ್ಮ ಖಾತೆಯಲ್ಲಿದೆ. ಮಗ ದೊಡ್ಡವನಾಗಿ ತಾನೇ ಹೊಸ ಸಾಲ ಮಾಡಿದರೆ ಅದು ಸ್ವಂತ ಪಾಪ.

ಈ ಹೋಲಿಕೆ ಒಂದು ಕಡೆ ಕೈಕೊಡುತ್ತದೆ, ಅದನ್ನೂ ಹೇಳಿಬಿಡಬೇಕು. ಸಾಲ ಹೊರಗಿನ ಲೆಕ್ಕ. ಕಥೋಲಿಕರ ಬೋಧನೆಯಲ್ಲಿ ಮೂಲಪಾಪವೆಂದರೆ ಮನುಷ್ಯನ ಒಳಗೇ ಇರಬೇಕಾದ ದೈವಕೃಪೆ ಇಲ್ಲದಿರುವ ಸ್ಥಿತಿ. ಅದು ಮಾಡಿದ ಪಾಪವಲ್ಲ, ಪಡೆದುಕೊಂಡ ಪಾಪ ಎಂದು ಅವರ ಈಗಿನ ಧರ್ಮೋಪದೇಶ ಗ್ರಂಥವೂ ಬಿಡಿಸಿ ಹೇಳುತ್ತದೆ.

ಪೂರ್ವದ ಕ್ರೈಸ್ತರ, ಅಂದರೆ ಗ್ರೀಕ್, ರಷ್ಯನ್ ಮುಂತಾದ ಆರ್ಥೊಡಾಕ್ಸರ ಚಿತ್ರ ಬೇರೆ. ಅಪ್ಪ ಅತಿಯಾಗಿ ನೀರು ಹರಿಸಿ ಜಮೀನನ್ನು ಸವಳು ಮಾಡಿಟ್ಟಿದ್ದಾನೆ. ಮಗನ ತಲೆಯ ಮೇಲೆ ಸಾಲವೂ ಇಲ್ಲ, ತಪ್ಪೂ ಇಲ್ಲ. ಆದರೆ ಕೈಗೆ ಬಂದದ್ದು ಸವಳು ಭೂಮಿ; ಅದರಲ್ಲಿ ಒಳ್ಳೆಯ ಬೆಳೆ ತೆಗೆಯುವುದು ದುಸ್ತರ. ಆದಾಮನಿಂದ ನಮಗೆ ಬಂದದ್ದು ಸಾವು, ಪಾಪದ ಕಡೆಗಿನ ವಾಲಿಕೆ; ಅವನ ಅಪರಾಧ ಬಂದಿಲ್ಲ ಎಂಬುದು ಅವರ ನಿಲುವು.

ಈ ಎರಡು ಚಿತ್ರಗಳ ಹಿಂದೆ ವ್ಯಾಕರಣದ ಒಂದು ಚಿಕ್ಕ ತುಣುಕಿದೆ. ಬೈಬಲಿನಲ್ಲಿ ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯದ 12ನೇ ವಚನದಲ್ಲಿ ‘ಎಫ್ ಹೋ’ ಎಂಬ ಗ್ರೀಕ್ ಪದಜೋಡಿ ಬರುತ್ತದೆ. ಎಲ್ಲರೂ ಪಾಪ ಮಾಡಿದ್ದರಿಂದ ಸಾವು ಎಲ್ಲರಲ್ಲೂ ಹರಡಿತು ಎಂದು ಗ್ರೀಕರು ಓದಿಕೊಂಡರು. ಲ್ಯಾಟಿನ್ನಿಗೆ ಅದು ‘ಇನ್ ಕ್ವೊ’ ಆಯಿತು, ಅಂದರೆ ‘ಯಾರಲ್ಲಿ’. ಹಾಗಾಗಿ ಆದಾಮ ಎಂಬ ಒಬ್ಬನಲ್ಲಿ ಎಲ್ಲರೂ ಪಾಪ ಮಾಡಿದರು ಎಂದು ಉತ್ತರ ಆಫ್ರಿಕದ ಬಿಷಪ್ ಆಗಸ್ಟೀನ್ ಅರ್ಥ ಮಾಡಿದ. ಮೂಲಪಾಪದ ಪಶ್ಚಿಮದ ಸಿದ್ಧಾಂತ ಈ ಒಂದೇ ಪದದ ಮೇಲೆ ನಿಂತಿಲ್ಲ ನಿಜ, ಆದರೆ ಅದಕ್ಕೆ ಬಲ ಬಂದದ್ದು ಇಲ್ಲಿಂದಲೂ ಹೌದು.

ಈಗ ಮೂರು ನಿಲುವುಗಳನ್ನು ಇದೇ ಭಾಷೆಯಲ್ಲಿ ಹೇಳಬಹುದು. ಕಥೋಲಿಕರ ಪ್ರಕಾರ ಜಮೀನು ಮರಿಯಮ್ಮನ ಹೆಸರಿಗೆ ಬರುವ ಹೊತ್ತಿಗೇ ಋಣದ ಕಲಂ ಖಾಲಿ; ಅದನ್ನು ಮೊದಲೇ ತೀರಿಸಿದವನು ಆಕೆಯ ಮಗ; ಆಮೇಲೂ ಆಕೆ ಸಾಲ ಮಾಡಲಿಲ್ಲ. ಆರ್ಥೊಡಾಕ್ಸರ ಪ್ರಕಾರ ಆಕೆಗೂ ಎಲ್ಲರಂತೆ ಸವಳು ಭೂಮಿಯೇ ಬಂತು, ಆದರೆ ಅದರಲ್ಲಿ ಆಕೆ ಕಳೆಯಿಲ್ಲದ ಬೆಳೆ ತೆಗೆದಳು. ಪ್ರಾಟೆಸ್ಟೆಂಟರ ಪ್ರಕಾರ ಎಲ್ಲ ಮನುಷ್ಯರಂತೆ ಆಕೆಗೂ ಹಳೆಯ ಸಾಲವಿತ್ತು, ಸ್ವಂತದ್ದೂ ಇತ್ತು. ಖಾಲಿ ಖಾತೆ ಇದ್ದದ್ದು ಯೇಸು ಒಬ್ಬನಿಗೇ.

ಒಂದು ಗ್ರೀಕ್ ಪದ, ಎರಡು ಕನ್ನಡ

ಲೂಕನ ಸುವಾರ್ತೆಯ 1ನೇ ಅಧ್ಯಾಯದ 28ನೇ ವಚನದಲ್ಲಿ ದೇವದೂತ ಮರಿಯಮ್ಮನನ್ನು ಹೆಸರು ಹಿಡಿದು ಕರೆಯುವುದಿಲ್ಲ. ‘ಕೆಖರಿತೋಮೆನೆ’ ಎಂದು ಕರೆಯುತ್ತಾನೆ. ವಾದ ಶುರುವಾಗುವುದೇ ಈ ಪದದಿಂದ.

ಕನ್ನಡದಲ್ಲೇ ಅದರ ಎರಡು ರೂಪ ನೋಡಿ. ಪ್ರಾಟೆಸ್ಟೆಂಟರು ಬಳಸುವ ಹಳೆಯ ಕನ್ನಡ ಬೈಬಲಿನಲ್ಲಿ ಅದು ‘ದೇವರ ದಯೆ ಹೊಂದಿದವಳೇ’. ಕಥೋಲಿಕರು ಜಪಸರ ಹಿಡಿದು ಹೇಳುವ ಪ್ರಾರ್ಥನೆಯಲ್ಲಿ ‘ನಮೋ ಮರಿಯಾ, ವರಪ್ರಸಾದ ಪೂರ್ಣೆಯೇ’. ದಯೆ ಹೊಂದಿದವಳು ಎಂದರೆ ಕೊಟ್ಟವನು ದೊಡ್ಡವನು, ಪಡೆದವಳು ಯಾರಾದರೂ ಆಗಿರಬಹುದಿತ್ತು. ವರಪ್ರಸಾದ ಪೂರ್ಣೆ ಎಂದರೆ ಪಾತ್ರೆ ಅಂಚಿನವರೆಗೆ ತುಂಬಿದೆ, ಪಾಪಕ್ಕೆ ಜಾಗವೇ ಇಲ್ಲ. ಎರಡನೆಯದು ಲ್ಯಾಟಿನ್ನಿನ ‘ಗ್ರಾತ್ಸಿಯಾ ಪ್ಲೇನಾ’ದಿಂದ ಬಂದದ್ದು. ಕ್ರಿಯಾಪದದ ಕೊನೆ ಕೇಳಿದರೂ ಸಾಕು, ಮಾತಾಡುವವರು ಯಾವ ಸಭೆಯವರೆಂದು ಊಹಿಸಬಹುದು: ಒಂದು ಕಡೆ ‘ಮರಿಯಳು ಹೇಳಿದಳು’, ಇನ್ನೊಂದು ಕಡೆ ‘ಮರಿಯಮ್ಮನವರು ಹೇಳಿದರು’.

ಮೂಲ ಗ್ರೀಕ್ ಪದಕ್ಕೆ ಇವೆರಡರಲ್ಲಿ ಯಾವುದೂ ಪೂರ್ತಿ ಹೊಂದುವುದಿಲ್ಲ. ಅದು ಹಿಂದೆ ನಡೆದು, ಫಲ ಈಗಲೂ ಉಳಿದಿರುವ ಕ್ರಿಯೆಯನ್ನು ಹೇಳುವ ರೂಪ. ‘ಒಗೆದ ಬಟ್ಟೆ’ಗೂ ‘ಒಗೆದಿರುವ ಬಟ್ಟೆ’ಗೂ ಇರುವ ಅಂತರ ನೆನೆಯಿರಿ, ಎರಡನೆಯದು ಈಗಲೂ ಮಡಿ. ಹಾಗೆ ಇದು ‘ಕೃಪೆಗೊಂಡಿರುವವಳೇ’. ಯಾವಾಗಿನಿಂದ ಎಂಬುದನ್ನು ವ್ಯಾಕರಣ ಹೇಳುವುದಿಲ್ಲ. ಗರ್ಭದ ಮೊದಲ ಕ್ಷಣದಿಂದ ಎಂದು ಕಥೋಲಿಕರು ಸಂಪ್ರದಾಯದ ಬೆಳಕಿನಲ್ಲಿ ತುಂಬಿಕೊಳ್ಳುತ್ತಾರೆ. ಇದೇ ಕ್ರಿಯಾಪದವನ್ನು ಪೌಲ ಎಫೆಸದವರಿಗೆ ಬರೆದ ಪತ್ರದಲ್ಲಿ (1:6) ಎಲ್ಲ ವಿಶ್ವಾಸಿಗಳಿಗೂ ಬಳಸಿದ್ದಾನೆ, ಅವರೆಲ್ಲ ಪಾಪರಹಿತರೇ ಎಂದು ಪ್ರಾಟೆಸ್ಟೆಂಟರು ಮರುಪ್ರಶ್ನೆ ಹಾಕುತ್ತಾರೆ. ಪದ ಒಂದರಿಂದಲೇ ಯಾರೂ ಗೆಲ್ಲಲಾರರು ಎಂಬುದು ಎರಡೂ ಕಡೆಯ ಪಂಡಿತರಿಗೆ ಗೊತ್ತಿರುವ ವಿಷಯ.

ಚರ್ಚ್ ಕಾಂಪೌಂಡುಗಳಲ್ಲಿ ಕಾಣುವ ಪ್ರತಿಮೆಯಲ್ಲೂ ಭಾಷಾಂತರದ ಗುರುತಿದೆ. ಮರಿಯಮ್ಮನ ಪಾದದಡಿ ಹಾವೊಂದು ನಲುಗಿರುತ್ತದೆ. ಆದಿಕಾಂಡದ 3ನೇ ಅಧ್ಯಾಯದ 15ನೇ ವಚನದಲ್ಲಿ ಹಾವಿನ ತಲೆ ಜಜ್ಜುವವರು ಯಾರು? ಹೀಬ್ರೂ ಮೂಲದಲ್ಲಿ ಸರ್ವನಾಮ ಪುಲ್ಲಿಂಗ, ಸ್ತ್ರೀಯ ಸಂತಾನಕ್ಕೆ ಸೇರಿದ್ದು. ಪಶ್ಚಿಮದಲ್ಲಿ ಶತಮಾನಗಳ ಕಾಲ ಓದಿದ ಲ್ಯಾಟಿನ್ ಪಾಠದಲ್ಲಿ ಅದು ‘ಇಪ್ಸಾ’, ‘ಅವಳು’ ಆಗಿತ್ತು. 1979ರ ಹೊಸ ಲ್ಯಾಟಿನ್ ಆವೃತ್ತಿಯಲ್ಲಿ ವ್ಯಾಟಿಕನ್ನೇ ಅದನ್ನು ತಿದ್ದಿತು. ಪ್ರತಿಮೆಗಳು ಮಾತ್ರ ಹಾಗೇ ಉಳಿದವು.

ಎದುರಾಗುವ ವಚನಗಳು

ವಿರೋಧಿಸುವವರು ಮೊದಲು ಎತ್ತುವುದು ರೋಮಾಪುರದವರ ಪತ್ರದ 3:23, ಎಲ್ಲರೂ ಪಾಪ ಮಾಡಿದ್ದಾರೆ ಎಂಬ ಮಾತು. ಎಲ್ಲರೂ ಎಂದಮೇಲೆ ಮರಿಯಮ್ಮನೂ ಸೇರಿದಳಲ್ಲ? ಆ ‘ಎಲ್ಲರೂ’ ತಲೆ ಎಣಿಸಿ ಹೇಳಿದ್ದಲ್ಲ, ಯೇಸು ಅದರಲ್ಲಿ ಸೇರುವುದಿಲ್ಲ, ಎಳೆಗೂಸು ಸ್ವಂತ ಪಾಪ ಮಾಡಿರುವುದಿಲ್ಲ ಎಂದು ಕಥೋಲಿಕರ ಉತ್ತರ. ಇಲ್ಲಿ ಪ್ರಾಟೆಸ್ಟೆಂಟರ ಮರುವಾದ ಗಟ್ಟಿಯಾಗಿದೆ: ಯೇಸುವಿಗಿರುವ ವಿನಾಯಿತಿಯನ್ನು ಹೀಬ್ರೂಗಳ ಪತ್ರ (4:15) ಬಾಯಿಬಿಟ್ಟು ಹೇಳುತ್ತದೆ, ಮರಿಯಮ್ಮನಿಗೆ ಅಂಥ ಸಾಲು ಎಲ್ಲಿದೆ?

ಎರಡನೆಯದು ಆಕೆಯದೇ ಮಾತು. ಲೂಕ 1:47ರಲ್ಲಿ ಮರಿಯಮ್ಮ ದೇವರನ್ನು ‘ನನ್ನ ರಕ್ಷಕ’ ಎಂದು ಹಾಡುತ್ತಾಳೆ. ಪಾಪವಿಲ್ಲದವಳಿಗೆ ರಕ್ಷಕನ ಅಗತ್ಯವೇನು? ಈ ಪ್ರಶ್ನೆಗೆ ಉತ್ತರ ಹುಡುಕಲು ಕಥೋಲಿಕರಿಗೆ 1300ರ ಆಸುಪಾಸಿನವರೆಗೆ ಕಾಯಬೇಕಾಯಿತು, ಮುಂದೆ ಬರುತ್ತೇವೆ.

ಮೂರನೆಯದು ಎರಡು ಹಕ್ಕಿಗಳದ್ದು. ಗಂಡುಮಗು ಹೆತ್ತ ತಾಯಿ 7 ದಿನ, ಆಮೇಲೆ 33 ದಿನ, ಒಟ್ಟು 40 ದಿನ ಮೈಲಿಗೆ ಕಳೆದು ಕಾಣಿಕೆ ತರಬೇಕೆಂದು ಯಾಜಕಕಾಂಡದ 12ನೇ ಅಧ್ಯಾಯದ ನಿಯಮ. ಕುರಿ ತರಲಾಗದ ಬಡವರು ಎರಡು ಹಕ್ಕಿ ತರಬಹುದು: ಒಂದು ಸರ್ವಾಂಗಹೋಮಕ್ಕೆ, ಇನ್ನೊಂದು ದೋಷಪರಿಹಾರಕ್ಕೆ. ಲೂಕ 2:24ರ ಪ್ರಕಾರ ಯೇಸುವಿನ ಮನೆಯವರ ಕಾಣಿಕೆ ಈ ಹಕ್ಕಿಗಳದ್ದೇ. ದೋಷಪರಿಹಾರದ ಬಲಿ ಕೊಟ್ಟವಳು ನಿರ್ದೋಷಿ ಹೇಗೆ ಎಂಬುದು ಪ್ರಶ್ನೆ. ನಮ್ಮಲ್ಲಿ ಬಾಣಂತಿಯ ಪುರುಡನ್ನು ಕಂಡವರಿಗೆ ಉತ್ತರ ಥಟ್ಟನೆ ತಿಳಿಯುತ್ತದೆ: ಮೈಲಿಗೆ ಬೇರೆ, ಪಾಪ ಬೇರೆ. ಹೆರುವುದು ತಪ್ಪಲ್ಲ, ಆದರೂ ಶುದ್ಧಿಯ ವಿಧಿ ಇದೆ. ಈ ವಚನದಿಂದ ಹೊರಡುವ ಆಕ್ಷೇಪ ಅಷ್ಟು ಬಲವಾದದ್ದಲ್ಲ.

ಆಗಸ್ಟೀನ್ ಬಿಟ್ಟ ಬಾಗಿಲು

ಮೊದಲ ಶತಮಾನಗಳಲ್ಲಿ ಎಲ್ಲರೂ ಒಂದೇ ದನಿಯಲ್ಲಿ ಮಾತಾಡಿದರು ಎಂದು ಯಾರಾದರೂ ಹೇಳಿದರೆ ನಂಬಬೇಡಿ. 3ನೇ ಶತಮಾನದ ಧರ್ಮಪಂಡಿತ ಒರಿಗೆನ್, ಶಿಲುಬೆಯ ಬುಡದಲ್ಲಿ ಮರಿಯಮ್ಮನೂ ಸಂದೇಹಕ್ಕೆ ಒಳಗಾದಳು ಎಂದು ಬರೆದ. ‘ನಿನ್ನ ಪ್ರಾಣಕ್ಕೂ ಕತ್ತಿ ತಾಗುವುದು’ ಎಂದು ಶಿಶು ಯೇಸುವನ್ನು ದೇವಾಲಯದಲ್ಲಿ ಎತ್ತಿಕೊಂಡ ಸಿಮೆಯೋನ ಮರಿಯಮ್ಮನಿಗೆ ಹೇಳಿದ ಮಾತಿನ ಕತ್ತಿಯೇ ಆ ಸಂದೇಹ ಎಂದ. 4ನೇ ಶತಮಾನದ ಬಾಸಿಲ್ ಕೂಡ ಹೀಗೇ ಬರೆದ. ಯೋವಾನ್ ಕ್ರಿಸೊಸ್ತೊಮ್ ಇನ್ನೂ ಮುಂದೆ ಹೋದ: ಜನರ ನಡುವೆ ಮಾತಾಡುತ್ತಿದ್ದ ಮಗನನ್ನು ಹೊರಗೆ ನಿಂತು ಕರೆಸಿದ್ದರಲ್ಲಿ ಆಕೆಯ ಹೆಮ್ಮೆ ಇಣುಕಿತು ಎಂದು ಪ್ರಸಂಗದಲ್ಲಿ ಹೇಳಿದ. ಆರ್ಥೊಡಾಕ್ಸರು ಇಂದಿಗೂ ಆರಾಧನೆಯಲ್ಲಿ ನೆನೆಯುವ ಸಂತ ಈತ ಎಂಬುದನ್ನು ಮರೆಯಬಾರದು. ಅದೇ ಶತಮಾನದಲ್ಲಿ ಸಿರಿಯಾದ ಕವಿ ಎಫ್ರೇಮ್, ಯೇಸುವಿನಲ್ಲೂ ಕಲೆಯಿಲ್ಲ, ಆತನ ತಾಯಿಯಲ್ಲೂ ಕಲೆಯಿಲ್ಲ ಎಂದು ಹಾಡುತ್ತಿದ್ದ.

415ರಲ್ಲಿ ಆಗಸ್ಟೀನ್ ಬರೆದ ಒಂದು ಸಾಲು ಪಶ್ಚಿಮದ ದಿಕ್ಕನ್ನೇ ಬದಲಿಸಿತು. ಮನುಷ್ಯ ತನ್ನ ಬಲದಿಂದಲೇ ಪಾಪವಿಲ್ಲದೆ ಬದುಕಬಲ್ಲ ಎಂದು ಸನ್ಯಾಸಿ ಪೆಲಾಗಿಯಸ್ ವಾದಿಸಿ, ಬೈಬಲಿನ ಸಜ್ಜನರ ಪಟ್ಟಿ ಕೊಟ್ಟಿದ್ದ. ಅವರೆಲ್ಲರೂ ಪಾಪಿಗಳೇ ಎಂದು ಉತ್ತರಿಸಿದ ಆಗಸ್ಟೀನ್ ಒಂದು ಹೆಸರನ್ನು ಬದಿಗಿಟ್ಟ: ಪಾಪದ ಮಾತು ಬಂದಾಗ, ಪ್ರಭುವಿನ ಗೌರವಕ್ಕಾಗಿ, ಮರಿಯಮ್ಮನ ಬಗ್ಗೆ ತಾನು ಪ್ರಶ್ನೆಯನ್ನೇ ಎತ್ತುವುದಿಲ್ಲ ಎಂದ. ಇದು ಸ್ವಂತ ಪಾಪದ ಮಾತು; ಮೂಲಪಾಪಕ್ಕೂ ಅನ್ವಯಿಸುತ್ತದೆಯೇ ಎಂಬುದನ್ನು ಆತ ಬಿಡಿಸಲಿಲ್ಲ. ಮುಂದಿನ ಸಾವಿರ ವರ್ಷದ ಜಗಳಕ್ಕೆ ಬಾಗಿಲು ಅಲ್ಲೇ ಅರ್ಧ ತೆರೆದು ಉಳಿಯಿತು.

ಸಂತರೇ ಒಪ್ಪದಿದ್ದ ಕಾಲ

ಅನ್ನಾ ಗರ್ಭ ಧರಿಸಿದ ಹಬ್ಬ ಮೊದಲು ಪೂರ್ವದಲ್ಲಿ ಹುಟ್ಟಿತು. 11ನೇ ಶತಮಾನದಲ್ಲಿ ಅದು ಇಂಗ್ಲೆಂಡಿಗೆ ಬಂತು. ಅಲ್ಲಿನ ಕ್ಯಾಂಟರ್ಬರಿಯ ಸನ್ಯಾಸಿ ಈಡ್ಮರ್ 12ನೇ ಶತಮಾನದಲ್ಲಿ ಒಂದು ಹೋಲಿಕೆ ಕೊಟ್ಟ. ಚೆಸ್ಟ್‌ನಟ್ ಕಾಯಿಯ ಹೊರಗೆಲ್ಲ ಮುಳ್ಳು. ಒಳಗಿನ ಬೀಜ ಆ ಮುಳ್ಳಿನ ನಡುವೆಯೇ ಬೆಳೆದರೂ ಅದಕ್ಕೆ ಒಂದು ಗೀರೂ ತಾಗುವುದಿಲ್ಲ. ನಮ್ಮ ಕಡೆಯ ಹರಳುಕಾಯಿ ನೆನೆದರೆ ಸಾಕು. ಕಾಯಿಗೆ ಹೀಗೆ ಮಾಡಬಲ್ಲ ದೇವರು ತನ್ನ ತಾಯಿಗೆ ಮಾಡಲಾರನೇ ಎಂಬುದು ಈಡ್ಮರನ ಪ್ರಶ್ನೆ.

ಮರಿಯಮ್ಮನ ಪರಮಭಕ್ತನೆಂದೇ ಹೆಸರಾದ ಕ್ಲೇರ್ವೊದ ಬರ್ನಾರ್ಡ್ ಇದನ್ನು ಒಪ್ಪಲಿಲ್ಲ. 1140ರ ಆಸುಪಾಸಿನಲ್ಲಿ ಲಿಯೋನ್ ನಗರದ ಚರ್ಚಿನವರು ಈ ಹಬ್ಬ ಶುರುಮಾಡಿದಾಗ ಕಟುವಾದ ಪತ್ರ ಬರೆದ. ತಾಯಿ ಶುದ್ಧಳಾಗಿರಬೇಕಾದರೆ ಅಜ್ಜಿಯೂ ಶುದ್ಧಳಾಗಬೇಕು, ಆಮೇಲೆ ಮುತ್ತಜ್ಜಿ. ಹಬ್ಬಗಳಿಗೆ ಕೊನೆ ಎಲ್ಲಿ ಎಂಬುದು ಅವನ ತಕರಾರು. ಇವತ್ತಿಗೂ ವಾದದಲ್ಲಿ ಮೊದಲು ಹೊರಬರುವ ಪ್ರಶ್ನೆ ಇದೇ. ಯೇಸು ಶುದ್ಧನಾಗಲು ತಾಯಿ ಶುದ್ಧಳಿರಲೇಬೇಕು ಎಂದು ವಾದ ಹೂಡಿದರೆ ಮಾತ್ರ ಈ ಸರಪಳಿ ಸುತ್ತಿಕೊಳ್ಳುತ್ತದೆ. ಕಥೋಲಿಕರ ಅಧಿಕೃತ ಬೋಧನೆ ಹಾಗೆ ಹೇಳುವುದಿಲ್ಲ. ಅದು ಅನಿವಾರ್ಯವಾಗಿರಲಿಲ್ಲ, ತಕ್ಕದ್ದಾಗಿತ್ತು ಎಂದಷ್ಟೇ ಹೇಳುತ್ತದೆ.

ನಿಜವಾದ ಗಂಟು ಕಟ್ಟಿದವನು 13ನೇ ಶತಮಾನದ ಥಾಮಸ್ ಅಕ್ವಿನಾಸ್. ಮರಿಯಮ್ಮ ಸ್ವಂತ ಪಾಪ ಮಾಡಲಿಲ್ಲ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಆದರೆ ಮೂಲಪಾಪವೇ ಅಂಟದಿದ್ದರೆ ಆಕೆಗೆ ಕ್ರಿಸ್ತನ ವಿಮೋಚನೆ ಬೇಕಿರಲಿಲ್ಲ ಎಂದಾಗುತ್ತದೆ; ಕ್ರಿಸ್ತ ಎಲ್ಲರ ವಿಮೋಚಕ ಎಂಬ ಮಾತು ಬೀಳುತ್ತದೆ. ಹಾಗಾಗಿ ಪಾಪ ಅಂಟಿತ್ತು, ತಾಯ ಗರ್ಭದಲ್ಲಿರುವಾಗಲೇ ತೊಳೆಯಲಾಯಿತು ಎಂದ. ಆಗಿನ ದೇಹಶಾಸ್ತ್ರವೂ ಇದಕ್ಕೆ ಅನುಕೂಲವಾಗಿತ್ತು: ಅರಿಸ್ಟಾಟಲನ ಪ್ರಕಾರ ಮೊದಲು ಶರೀರ ರೂಪುಗೊಳ್ಳುತ್ತದೆ, ಮನುಷ್ಯನ ಆತ್ಮ ಸೇರುವುದು ಎಷ್ಟೋ ದಿನಗಳ ನಂತರ.

ಗಂಟು ಬಿಚ್ಚಿದವನು ಸ್ಕಾಟ್ಲೆಂಡಿನ ಡನ್ಸ್ ಸ್ಕೋಟಸ್, 1308ರಲ್ಲಿ ತೀರಿಕೊಂಡ ಫ್ರಾನ್ಸಿಸ್ಕನ್ ಪಂಥದ ಸನ್ಯಾಸಿ. ಅವನ ತರ್ಕವನ್ನು ಇಂದಿನ ಮಾತಿನಲ್ಲಿ ಹೇಳಿದರೆ ಹೀಗೆ. ಸಿಡುಬು ಬಂದವನಿಗೆ ಔಷಧ ಕೊಟ್ಟು ಉಳಿಸಿದ ವೈದ್ಯನೂ ಜೀವ ಉಳಿಸಿದವನೇ. ಮೊದಲೇ ಲಸಿಕೆ ಹಾಕಿ ಸಿಡುಬು ಬರದಂತೆ ತಡೆದವನೂ ಜೀವ ಉಳಿಸಿದವನೇ. ಎರಡನೆಯದು ಹೆಚ್ಚಿನ ಉಪಕಾರ. ಲಸಿಕೆ ಹಾಕಿಸಿಕೊಂಡವನು ನನಗೆ ವೈದ್ಯರೇ ಬೇಕಿರಲಿಲ್ಲ ಎನ್ನಲಾರ. ಹಾಗೆ ಮರಿಯಮ್ಮನಿಗೂ ಕ್ರಿಸ್ತ ಬೇಕಿತ್ತು, ಎಲ್ಲರಿಗಿಂತ ಹೆಚ್ಚಾಗಿ ಬೇಕಿತ್ತು. ‘ನನ್ನ ರಕ್ಷಕ’ ಎಂಬ ಹಾಡಿಗೂ ಉತ್ತರ ಸಿಕ್ಕಿತು. ಮಗ ಹುಟ್ಟುವ ಮೊದಲೇ ಅವನ ಬಲಿಯ ಫಲ ತಾಯಿಗೆ ಹೇಗೆ ಸಿಕ್ಕಿತು? ದೇವರು ಕಾಲಕ್ಕೆ ಕಟ್ಟುಬಿದ್ದವನಲ್ಲ, ಆಗಲಿರುವುದರ ಫಲವನ್ನು ಮುಂಗಡವಾಗಿ ಕೊಡಬಲ್ಲ. ಕಥೋಲಿಕರು ಮರಿಯಮ್ಮನಿಗೆ ಯೇಸು ಬೇಕಿರಲಿಲ್ಲ ಎನ್ನುತ್ತಾರೆ ಎಂಬ ಆರೋಪ ಇಂದಿಗೂ ಕೇಳಿಬರುತ್ತದೆ. ಅದು ಸ್ಕೋಟಸನನ್ನು ಓದದವರ ಆರೋಪ.

ಆಮೇಲಿನದು ಮಠಗಳ ಕದನ. ಸ್ಕೋಟಸನ ಫ್ರಾನ್ಸಿಸ್ಕನರು ಒಂದು ಕಡೆ, ಅಕ್ವಿನಾಸನ ಡೊಮಿನಿಕನರು ಇನ್ನೊಂದು ಕಡೆ. 1439ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸೇರಿದ್ದ ಧರ್ಮಗುರುಗಳ ಮಹಾಸಭೆ ಅಮಲೋದ್ಭವವನ್ನು ಎತ್ತಿಹಿಡಿಯಿತು. ಆದರೆ ಅಷ್ಟು ಹೊತ್ತಿಗೆ ಸಭೆ ಪೋಪ್ ಜೊತೆ ಜಗಳಕ್ಕೆ ಬಿದ್ದಿದ್ದರಿಂದ ತೀರ್ಮಾನ ಊರ್ಜಿತವಾಗಲಿಲ್ಲ. ಫ್ರಾನ್ಸಿಸ್ಕನನೇ ಆಗಿದ್ದ ಪೋಪ್ ನಾಲ್ಕನೇ ಸಿಕ್ಸ್ಟಸ್ 1477ರಲ್ಲಿ ಹಬ್ಬಕ್ಕೆ ಒಪ್ಪಿಗೆ ಕೊಟ್ಟ. ಕೆಲವು ವರ್ಷಗಳ ನಂತರ, ಎರಡೂ ಕಡೆಯವರು ಒಬ್ಬರನ್ನೊಬ್ಬರು ಪಾಷಂಡಿಗಳೆಂದು ಕರೆಯಬಾರದು ಎಂದು ಕಟ್ಟಪ್ಪಣೆ ಹೊರಡಿಸಿದ. 1546ರಲ್ಲಿ ಟ್ರೆಂಟ್ ಮಹಾಸಭೆ ಮೂಲಪಾಪದ ತೀರ್ಪು ಬರೆದು, ಇದರಲ್ಲಿ ಮರಿಯಮ್ಮನನ್ನು ಸೇರಿಸುವ ಉದ್ದೇಶ ನಮಗಿಲ್ಲ ಎಂದು ಜಾಣತನದಿಂದ ಜಾರಿಕೊಂಡಿತು. ಪೋರ್ಚುಗಲ್‌ನ ರಾಜ ನಾಲ್ಕನೇ ಜುವಾಂವ್ 1646ರಲ್ಲಿ ಅಮಲೋದ್ಭವ ಮಾತೆಯನ್ನೇ ದೇಶದ ಪಾಲಕಿ ಎಂದು ಸಾರಿದ. ಪಣಜಿಯ ಇಗರ್ಜಿಯ ಹೆಸರಿನ ಹಿಂದಿರುವುದು ಇದೇ ಪೋರ್ಚುಗೀಸ್ ಭಕ್ತಿ. ಪೋಪ್ ಇದನ್ನು ಕಡ್ಡಾಯ ನಂಬಿಕೆಯೆಂದು ಘೋಷಿಸಿದ್ದು 1854ರಲ್ಲಿ; ಈ ನಂಬಿಕೆ ಆಗಲೇ ಹುಟ್ಟಿತು ಎನ್ನುವವರು ಆ ಇಗರ್ಜಿಯ ವಯಸ್ಸು ಕೇಳಬೇಕು.

1854ರ ವಾಕ್ಯ, ತುಂಡುತುಂಡಾಗಿ

ಪೋಪ್ ಒಂಬತ್ತನೇ ಪಿಯುಸ್ 1849ರಲ್ಲಿ, ರೋಮ್ ಬಿಟ್ಟು ಗಯೆತಾದಲ್ಲಿ ಆಶ್ರಯ ಪಡೆದಿದ್ದಾಗ, ಲೋಕದ ಬಿಷಪರಿಗೆಲ್ಲ ಪತ್ರ ಬರೆದು ಅಭಿಪ್ರಾಯ ಕೇಳಿದ. ಬಂದ ಉತ್ತರಗಳಲ್ಲಿ ಬಹುಪಾಲು ಒಪ್ಪಿಗೆಯವೇ. 1854ರ ಡಿಸೆಂಬರ್ 8ರಂದು ಘೋಷಣೆಯಾಯಿತು. ತಿರುಳು ಒಂದೇ ವಾಕ್ಯ, ಅದರ ಪ್ರತಿ ತುಣುಕಿಗೂ ಕೆಲಸವಿದೆ.

‘ಗರ್ಭದ ಮೊದಲ ಕ್ಷಣದಿಂದಲೇ’ ಎಂಬುದು ಅಕ್ವಿನಾಸನ ‘ಆಮೇಲೆ ತೊಳೆಯಲಾಯಿತು’ ಎಂಬ ದಾರಿಯನ್ನು ಮುಚ್ಚುತ್ತದೆ. ‘ದೇವರ ವಿಶೇಷ ಕೃಪೆ ಮತ್ತು ಹಕ್ಕಿನಿಂದ’ ಎಂಬುದು ಆಕೆಯ ಸ್ವಂತ ಸಾಮರ್ಥ್ಯದಿಂದ ಎಂಬ ಅರ್ಥವನ್ನು ತಡೆಯುತ್ತದೆ. ‘ಯೇಸುಕ್ರಿಸ್ತನ ಪುಣ್ಯಫಲವನ್ನು ಮುಂದಿಟ್ಟುಕೊಂಡು’ ಎಂಬುದು ಸ್ಕೋಟಸನ ಲಸಿಕೆ. ‘ಮೂಲಪಾಪದ ಎಲ್ಲ ಕಳಂಕದಿಂದ ಕಾಪಾಡಲಾಯಿತು’ ಎಂಬಲ್ಲಿ ಕಾಪಾಡು ಎಂಬ ಕ್ರಿಯಾಪದವನ್ನು ಗಮನಿಸಿ, ಶುದ್ಧೀಕರಿಸಲಾಯಿತು ಎಂದಿಲ್ಲ.

ವಾಕ್ಯ ಹೇಳದಿರುವುದೂ ಮುಖ್ಯ. ಯೋವಾಕಿಮ್ ಮತ್ತು ಅನ್ನಾರ ದಾಂಪತ್ಯದಲ್ಲಿ ಪವಾಡ ನಡೆಯಿತು ಎಂದಿಲ್ಲ. ಆಕೆಗೆ ನೋವು, ಸಾವು ಇರಲಿಲ್ಲ ಎಂದಿಲ್ಲ. ಜೀವಮಾನದ ಪಾಪದ ಬಗ್ಗೆಯೂ ಅದರಲ್ಲಿ ತೀರ್ಮಾನವಿಲ್ಲ. ಚಿಕ್ಕ ಪಾಪವನ್ನೂ ಆಕೆ ಮಾಡಲಿಲ್ಲ ಎಂಬುದನ್ನು ಟ್ರೆಂಟ್ ಮಹಾಸಭೆ 1547ರಲ್ಲೇ ಹೇಳಿತ್ತು.

ನಾಲ್ಕು ವರ್ಷದ ನಂತರ, 1858ರಲ್ಲಿ, ಫ್ರಾನ್ಸಿನ ಲೂರ್ದ್‌ನಲ್ಲಿ 14 ವರ್ಷದ ಬರ್ನಾದೆತ್ ತನಗೆ ಕಂಡ ಮಹಿಳೆ ‘ನಾನೇ ಅಮಲೋದ್ಭವ’ ಎಂದು ಅಲ್ಲಿನ ಆಡುನುಡಿಯಲ್ಲಿ ಹೇಳಿದಳೆಂದು ತಿಳಿಸಿದಳು. ನಮ್ಮ ಚರ್ಚ್ ಅಂಗಳಗಳಲ್ಲಿ ಕಲ್ಲುಗವಿ ಕಟ್ಟಿ ಬಿಳಿ ಉಡುಗೆ, ನೀಲಿ ನಡುಪಟ್ಟಿಯ ಮರಿಯಮ್ಮನನ್ನು ನಿಲ್ಲಿಸುವುದು ಅದರ ನೆನಪಿಗೆ.

ಆರ್ಥೊಡಾಕ್ಸರಿಗೆ ಬೇಡವಾದ ಉತ್ತರ

ಆರ್ಥೊಡಾಕ್ಸರು 1854ರ ಘೋಷಣೆಯನ್ನು ಒಪ್ಪುವುದಿಲ್ಲ ಎಂದೊಡನೆ ಅವರು ಮರಿಯಮ್ಮನನ್ನು ಪಾಪಿ ಎನ್ನುತ್ತಾರೆಂದು ತಿಳಿಯುವುದು ದೊಡ್ಡ ಎಡವಟ್ಟು. ಅವರು ಆಕೆಯನ್ನು ಕರೆಯುವುದೇ ‘ಪನಾಗಿಯಾ’, ಸರ್ವಪವಿತ್ರೆ ಎಂದು. ಅವರ ಆಕ್ಷೇಪ ಉತ್ತರಕ್ಕಿಂತ ಪ್ರಶ್ನೆಯ ಮೇಲೇ ಇದೆ. ಸಾಲವೇ ಬಂದಿಲ್ಲದಿದ್ದರೆ ಮನ್ನಾ ಮಾಡುವುದೇನು? ಇನ್ನೊಂದು ತಕರಾರೂ ಇದೆ: ಆಕೆಯನ್ನು ಹುಟ್ಟಿನಿಂದಲೇ ಎಲ್ಲರಿಂದ ಬೇರೆ ಮಾಡಿಟ್ಟರೆ, ದೇವದೂತನಿಗೆ ಆಕೆ ಹೇಳಿದ ‘ಆಗಲಿ’ ಎಂಬ ಮಾತು ನಮ್ಮಂಥ ಮನುಷ್ಯಳೊಬ್ಬಳ ಒಪ್ಪಿಗೆಯಾಗಿ ಉಳಿಯುವುದಿಲ್ಲ. ಕಾನ್‌ಸ್ಟಾಂಟಿನೋಪಲ್‌ನ ಆರ್ಥೊಡಾಕ್ಸ್ ಮಹಾಧರ್ಮಾಧ್ಯಕ್ಷ (ಪೇಟ್ರಿಯಾರ್ಕ್) ಅಂತಿಮೋಸ್ 1895ರಲ್ಲಿ ಪೋಪ್‌ಗೆ ಕೊಟ್ಟ ಉತ್ತರದಲ್ಲಿ, ಇದು ಪುರಾತನ ಸಭೆಗೆ ತಿಳಿಯದ ಹೊಸ ಬೋಧನೆ ಎಂದು ಬರೆದ.

ಲೂಥರ್‌ನಿಂದ ಈಚೆಗೆ

ಪ್ರಾಟೆಸ್ಟೆಂಟರ ಕಥೆ ಜನ ಅಂದುಕೊಂಡಷ್ಟು ನೇರವಾಗಿಲ್ಲ. 1527ರ ಒಂದು ಪ್ರಸಂಗದಲ್ಲಿ, ಪ್ರಾಟೆಸ್ಟೆಂಟ್ ಚಳವಳಿ ಶುರುಮಾಡಿದ ಲೂಥರ್, ಮರಿಯಮ್ಮನಿಗೆ ಆತ್ಮ ಸೇರುವ ಕ್ಷಣದಲ್ಲಿ ಅದು ಮೂಲಪಾಪದಿಂದ ಮುಕ್ತವಾಗಿತ್ತು ಎಂಬರ್ಥದ ಮಾತಾಡಿದ್ದ. ಆಮೇಲೆ ಅವನ ಒತ್ತು ಬದಲಾಯಿತು. ಅವನ ಸಭೆಯ ವಿಶ್ವಾಸಪತ್ರಗಳು ಇದನ್ನು ಬೋಧಿಸಲಿಲ್ಲ. ಇನ್ನೊಬ್ಬ ಸುಧಾರಕ ಕಾಲ್ವಿನ್ ಆಕೆಯಲ್ಲೂ ಮನುಷ್ಯಸಹಜ ತಪ್ಪು ಕಂಡ. ಇಂಗ್ಲೆಂಡ್ ಸಭೆಯ 39 ವಿಧಿಗಳಲ್ಲಿ 15ನೆಯದರ ತಲೆಬರಹವೇ ಕ್ರಿಸ್ತನೊಬ್ಬನೇ ಪಾಪರಹಿತ ಎಂಬುದು.

ಅವರಿಗೆ ಇಲ್ಲಿ ಎರಡು ಸಂಗತಿ ಕೂಡಿಕೊಂಡಿವೆ. ಬೈಬಲಿನಲ್ಲಿ ಇಲ್ಲದ್ದನ್ನು ಕಡ್ಡಾಯ ನಂಬಿಕೆಯಾಗಿ ಹೇರಬಹುದೇ ಎಂಬುದು ಒಂದು. ಕೃಪೆ ಎಂದರೆ ಅನರ್ಹರಿಗೆ ಸಿಗುವ ದಯೆ. ಮರಿಯಮ್ಮ ಅನರ್ಹಳಾಗಿಯೇ ಅದನ್ನು ಪಡೆದಳು, ಅದರಲ್ಲೇ ಆಕೆಯ ದೊಡ್ಡತನ ಎಂಬುದು ಇನ್ನೊಂದು. ಹೀಗಾಗಿ 1854ರ ವಾಕ್ಯಕ್ಕಿಂತ, ಅದನ್ನು ನಂಬದವರು ವಿಶ್ವಾಸದಲ್ಲಿ ಹಡಗೊಡೆದವರಂತೆ ಎಂದು ಪೋಪ್ ಸೇರಿಸಿದ ಮಾತು ಅವರನ್ನು ಹೆಚ್ಚು ಚುಚ್ಚುತ್ತದೆ. 2005ರಲ್ಲಿ ಆಂಗ್ಲಿಕನ್ (ಇಂಗ್ಲೆಂಡ್ ಸಭೆಯ ಪರಂಪರೆಯ) ಮತ್ತು ಕಥೋಲಿಕ ಪ್ರತಿನಿಧಿಗಳ ಆಯೋಗ ಜಂಟಿ ಹೇಳಿಕೆಯಲ್ಲಿ ಈ ಬೋಧನೆ ಬೈಬಲಿಗೆ ವಿರುದ್ಧವೇನಲ್ಲ ಎಂಬವರೆಗೆ ಬಂತು. ಯಾರ ಅಧಿಕಾರದಿಂದ ಕಡ್ಡಾಯ ಎಂಬ ಪ್ರಶ್ನೆ ಮಾತ್ರ ಅಲ್ಲೇ ಉಳಿಯಿತು.

ನಮ್ಮ ಕರಾವಳಿಯಲ್ಲಿ ಈ ಮೂರೂ ಧಾರೆ ಕೂಗಳತೆಯಲ್ಲಿವೆ. ಮಂಗಳೂರಿನ ಕಥೋಲಿಕರು, 1834ರಲ್ಲಿ ಬಂದ ಬಾಸೆಲ್ ಮಿಷನ್ನಿನ ಪ್ರಾಟೆಸ್ಟೆಂಟ್ ಸಭೆಗಳು, ಉಡುಪಿ ಬಳಿಯ ಬ್ರಹ್ಮಾವರದ ಆರ್ಥೊಡಾಕ್ಸರು (ಗ್ರೀಕ್, ರಷ್ಯನ್ ಬಳಗದವರಲ್ಲ, ಮಲಂಕರ ಸಭೆಯವರು). ಹೌದು, ಅದೇ ಬಾಸೆಲ್. 1439ರಲ್ಲಿ ಅಮಲೋದ್ಭವವನ್ನು ಎತ್ತಿಹಿಡಿದ ಊರು ಮುಂದೆ ಪ್ರಾಟೆಸ್ಟೆಂಟ್ ಆಗಿ, ಅದನ್ನು ಒಪ್ಪದ ಬೋಧಕರನ್ನು ನಮ್ಮಲ್ಲಿಗೆ ಕಳಿಸಿತು.

ಒಂದು ದಿನದ ಅಂತರ

ಅನ್ನಾ ಗರ್ಭ ಧರಿಸಿದ ಹಬ್ಬವನ್ನು ಗ್ರೀಕ್ ಆರ್ಥೊಡಾಕ್ಸರೂ ಆಚರಿಸುತ್ತಾರೆ, ಆದರೆ ಡಿಸೆಂಬರ್ 9ಕ್ಕೆ. ಅಲ್ಲಿಂದ ಸೆಪ್ಟೆಂಬರ್ 8ಕ್ಕೆ ಒಂಬತ್ತು ತಿಂಗಳಿಗೆ ಒಂದು ದಿನ ಕಡಿಮೆ. ದೀಕ್ಷಾಸ್ನಾನ ಕೊಡುತ್ತಿದ್ದ ಯೋವಾನನ ಲೆಕ್ಕ ಸೆಪ್ಟೆಂಬರ್ 23ರಿಂದ ಜೂನ್ 24ಕ್ಕೆ, ಒಂದು ದಿನ ಹೆಚ್ಚು. ಮಾರ್ಚ್ 25ರಿಂದ ಡಿಸೆಂಬರ್ 25ಕ್ಕೆ, ಯೇಸುವಿನದು ಮಾತ್ರ ಸರಿಯಾಗಿ ಒಂಬತ್ತು ತಿಂಗಳು. ಪರಿಪೂರ್ಣ ಹುಟ್ಟು ಒಬ್ಬನದೇ ಎಂದು ತೋರಿಸಲು ಹೀಗೆ ಎಂಬುದು ಅವರಲ್ಲಿ ನಡೆದುಬಂದ ವಿವರಣೆ. ಪಶ್ಚಿಮದ ಪಂಚಾಂಗದಲ್ಲಿ ಆ ಹಬ್ಬ ಒಂದು ದಿನ ಹಿಂದಕ್ಕೆ ಸರಿದು ಡಿಸೆಂಬರ್ 8 ಆಗಿದೆ. ಮರಿಯಮ್ಮನಿಗೂ ಅಲ್ಲಿ ಪೂರ್ತಿ ಒಂಬತ್ತು ತಿಂಗಳು.